ಪೆಟ್ ಫ್ರೆಂಡ್ಲಿ ಹೋಮ್‌ಸ್ಟೇ ಹುಡುಕುವ ಮೊದಲು ಉಣ್ಣಿ ಔಷಧಿ ಹಾಕಿಸಿ

ಎರಡು ವರ್ಷದ ಲ್ಯಾಬ್ರಡಾರ್ ನಾಯಿ, ಬೆಂಗಳೂರಿನಿಂದ ಸಕಲೇಶಪುರ, ಮೂರು ದಿನದ ರಜೆ. ಕಾರಾ, ರೈಲಾ, ಇಲ್ಲ ನಾಯಿಗಳನ್ನು ನೋಡಿಕೊಳ್ಳುವ ಬೋರ್ಡಿಂಗ್‌ನಲ್ಲಿ ಬಿಡುವುದಾ ಎಂದು ಕೇಳಿದ್ದೀರಿ. ಜೊತೆಗೆ, ನಾಯಿಗಳು ಜಾಸ್ತಿ ಇರುವ ಪೆಟ್ ಫ್ರೆಂಡ್ಲಿ ಹೋಮ್‌ಸ್ಟೇ ಆದರೆ ಅವನಿಗೂ ಆಟಕ್ಕೆ ಜೊತೆ ಸಿಗುತ್ತದೆ ಅಲ್ವಾ ಅಂದಿದ್ದೀರಿ. ಆ ಕೊನೆಯ ಸಾಲು ಓದಿಯೇ ನಾನು ಬರೆಯಲು ಕೂತೆ. ನಾವೂ ಹಾಗೇ ಯೋಚಿಸಿದ್ದೆವು. ಅದೇ ಊರು, ಅದೇ ರಸ್ತೆ.

ನಮ್ಮ ನಾಯಿ ಕೆಂಚ. ಬೀದಿಯಲ್ಲಿ ಸಿಕ್ಕ ಮರಿ, ನಮ್ಮ ಮನೆಯಲ್ಲೇ ಬೆಳೆದವನು. ಅವನನ್ನು ಬಿಟ್ಟು ಎಲ್ಲಿಗೂ ಹೋಗಲು ನನಗೆ ಮನಸ್ಸಾಗುತ್ತಿರಲಿಲ್ಲ. ದಸರಾ ರಜೆಗೆ ನಾದಿನಿಯ ಮಕ್ಕಳೂ ಬಂದಿದ್ದರು, ಎಲ್ಲರೂ ಸೇರಿ ಹೊರಟೆವು. ಕಾಫಿ ತೋಟದ ಮಧ್ಯೆ ಹಳೆಯ ಹೆಂಚಿನ ಮನೆ. ಫೋಟೋಗಳಲ್ಲಿ ನಾಲ್ಕೈದು ನಾಯಿಗಳು ಜಗಲಿಯಲ್ಲಿ ಮಲಗಿದ್ದವು. ಅದನ್ನು ನೋಡಿಯೇ ಬುಕ್ ಮಾಡಿದೆವು.

ಹೊರಡುವ ಹಿಂದಿನ ಸಂಜೆ ನಾನು ಕೆಂಚನಿಗೆ ಶಾಂಪೂ ಹಾಕಿ ಚೆನ್ನಾಗಿ ತಿಕ್ಕಿ ಸ್ನಾನ ಮಾಡಿಸಿದೆ. ಕಾರು ವಾಸನೆ ಬರಬಾರದು, ಹೋದ ಕಡೆ ಯಾರೂ ಮುಖ ಸಿಂಡರಿಸಬಾರದು, ಅಷ್ಟೇ ತಲೆಯಲ್ಲಿತ್ತು. ಮೈ ಒರೆಸಿ, ಕೂದಲು ಆರುತ್ತಿದ್ದ ಹಾಗೆ ಕುತ್ತಿಗೆಯ ಹಿಂದೆ ಬೈತಲೆ ತೆಗೆದು ಉಣ್ಣಿ ಔಷಧಿಯ ಟ್ಯೂಬನ್ನು ಪೂರ್ತಿ ಹಿಂಡಿದೆ. ಫಿಪ್ರೊನಿಲ್ ಇರುವ ಡ್ರಾಪ್ಸ್, ಎಲ್ಲ ಪೆಟ್ ಶಾಪ್‌ನಲ್ಲೂ ಸಿಗುತ್ತದೆ. ಮಾರನೇ ದಿನ ಮಧ್ಯಾಹ್ನ ಮಕ್ಕಳು ಅವನನ್ನು ತೋಟದ ಕೆಳಗಿನ ಹಳ್ಳಕ್ಕೆ ಕರೆದುಕೊಂಡು ಹೋದರು. ನೀರಲ್ಲಿ ಬಿದ್ದು ಹೊರಳಾಡಿ ಕೆಸರು ಮಾಡಿಕೊಂಡು ಬಂದ. ಬಚ್ಚಲಿನಲ್ಲಿ ಬಿಸಿನೀರು ಇತ್ತು, ಸೋಪು ಹಾಕಿ ಮತ್ತೆ ತೊಳೆದೆವು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಈ ಡ್ರಾಪ್ಸ್ ಹಾಕಿದ ತಕ್ಷಣ ಇಡೀ ಮೈಗೆ ಕೆಲಸ ಮಾಡುವುದಿಲ್ಲ. ಚರ್ಮದ ಮೇಲಿರುವ ಜಿಡ್ಡಿನ ಜೊತೆ ಬೆರೆತು ಕುತ್ತಿಗೆಯಿಂದ ಬಾಲದವರೆಗೆ ನಿಧಾನವಾಗಿ ಹರಡುತ್ತದೆ. ಕೂದಲ ಬುಡದಲ್ಲಿರುವ ಎಣ್ಣೆ ಗ್ರಂಥಿಗಳಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿಂದ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಹೊರಗೆ ಬರುತ್ತದೆ. ಹೀಗೆ ಹರಡಿಕೊಳ್ಳಲು ಒಂದೆರಡು ದಿನ ಬೇಕು. ಶಾಂಪೂ ಹಾಕಿ ತಿಕ್ಕಿದರೆ ಆ ಜಿಡ್ಡೇ ಹೋಗಿರುತ್ತದೆ, ಔಷಧಿ ಸರಿಯಾಗಿ ಹರಡುವುದಿಲ್ಲ. ಹಾಕಿದ ಮಾರನೇ ದಿನವೇ ಸೋಪು ಹಾಕಿದರೆ ಇದ್ದ ಸ್ವಲ್ಪವೂ ತೊಳೆದು ಹೋಗುತ್ತದೆ. ಅದಕ್ಕೇ ಹಾಕುವ ಎರಡು ದಿನ ಮೊದಲು ಮತ್ತು ಹಾಕಿದ ಎರಡು ದಿನದ ತನಕ ಸ್ನಾನ ಬೇಡ ಎಂದು ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನಾನು ಎರಡೂ ಕಡೆ ತಪ್ಪಿದೆ. ಅಂದರೆ ತೋಟದಲ್ಲಿದ್ದ ಅಷ್ಟೂ ಹೊತ್ತು ಕೆಂಚನ ಮೈಮೇಲೆ ಕೆಲಸ ಮಾಡುವಷ್ಟು ಔಷಧಿ ಇರಲಿಲ್ಲವೇನೋ. ಇದೆ ಅಂತ ನಾವು ನಂಬಿದ್ದೆವು. ಆ ನಂಬಿಕೆಯೇ ಜಾಸ್ತಿ ಕೆಡಿಸಿತು. ಔಷಧಿ ಹಾಕಿಯಾಗಿದೆಯಲ್ಲ ಎಂದು ರಾತ್ರಿ ಒಂದು ಸಲವೂ ಅವನ ಮೈ ತಡವಿ ನೋಡಲಿಲ್ಲ. ಹಾಕದೇ ಹೋಗಿದ್ದರೆ ಭಯಕ್ಕಾದರೂ ನೋಡುತ್ತಿದ್ದೆವು.

ರಾತ್ರಿ ಅವನು ಮಲಗಿದ್ದು ಜಗಲಿಯಲ್ಲಿ, ಆ ಮನೆಯ ನಾಯಿಗಳ ಜೊತೆ, ಹಳೇ ಗೋಣಿಚೀಲದ ಮೇಲೆ. ನಮಗೆ ಅದನ್ನು ನೋಡುವುದೇ ಸಂತೋಷ. ಫೋಟೋ ತೆಗೆದೆವು.

ಊರಿಗೆ ಬಂದು ಎರಡು ವಾರ ಕಳೆದಿರಬೇಕು. ಕೆಂಚ ಮೊಸರನ್ನ ಮೂಸಿ ನೋಡಿ ಹೋಗಿ ಮಲಗಿದ. ಮೊಸರನ್ನ ಬಿಟ್ಟವನೇ ಅಲ್ಲ ಅವನು. ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡೆವು. ಮಾರನೇ ದಿನ ಮೈ ಬಿಸಿ. ಆಮೇಲೆ ಬೆಳಿಗ್ಗೆ ಎದ್ದು ನೋಡಿದರೆ ಅವನು ಮಲಗಿದ್ದ ಜಾಗದಲ್ಲಿ ನೆಲದ ಮೇಲೆ ರಕ್ತದ ಹನಿಗಳು. ಮೂಗಿನಿಂದ ಬರುತ್ತಿತ್ತು. ಡಾಕ್ಟರ್ ತುಟಿ ಎತ್ತಿ ಒಸಡು ನೋಡಿದರು, ಬಿಳಿಚಿಕೊಂಡಿತ್ತು. ಹೊಟ್ಟೆಯ ಕೆಳಗೆ ಕೂದಲಿಲ್ಲದ ಕಡೆ ಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕೆಗಳು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು, 38,000 ಬಂತು. ಆರೋಗ್ಯವಾಗಿರುವ ನಾಯಿಗೆ ಸುಮಾರು 2 ಲಕ್ಷದ ಮೇಲಿರಬೇಕು. "ಎಲ್ಲಿಗಾದರೂ ಕರೆದುಕೊಂಡು ಹೋಗಿದ್ರಾ?" ಎಂದು ಅವರು ಕೇಳಿದಾಗ ನನಗೆ ಮೊದಲು ಸಕಲೇಶಪುರ ನೆನಪಿಗೇ ಬರಲಿಲ್ಲ. ಅಷ್ಟು ದಿನ ಆಗಿತ್ತು.

ಎರ್ಲಿಕಿಯಾ. ಎಲ್ಲರೂ ಟಿಕ್ ಫೀವರ್ ಅನ್ನುವುದು ಸಾಮಾನ್ಯವಾಗಿ ಇದಕ್ಕೇ. ಉಣ್ಣಿ ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಪ್ರವಾಸ ಮುಗಿದು, ಫೋಟೋ ಹಾಕಿ, ಎಲ್ಲರೂ ಮರೆತಿರುತ್ತಾರೆ. ಕೆಂಚ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಮಾತ್ರೆ ತಿಂದ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ, ಊಟ ಮಾಡಿಸೋಣವೆಂದರೆ ತಿನ್ನುವುದಿಲ್ಲ. ನನ್ನ ಅತ್ತೆ ಗಂಜಿ ಮಾಡಿ ಬೆರಳಲ್ಲಿ ನೆಕ್ಕಿಸುತ್ತಿದ್ದರು. ಬದುಕಿದ. ತಡವಾಗಿ ಹೋದವರ ನಾಯಿಗಳು ಎಷ್ಟೋ ಉಳಿಯುವುದಿಲ್ಲ.

ಈಗ ನಿಮ್ಮ ಆ ಕೊನೆಯ ಸಾಲಿಗೆ ಬರುತ್ತೇನೆ. ಉಣ್ಣಿ ಎಂದರೆ ಕಾಡಿನ ಹುಲ್ಲಲ್ಲಿ ಮಾತ್ರ ಇರುವುದು ಎಂದು ನಾವೆಲ್ಲ ತಿಳಿದಿರುತ್ತೇವೆ. ಹುಲ್ಲಲ್ಲೂ ಇದೆ, ನಿಜ. ಆದರೆ ಎರ್ಲಿಕಿಯಾ ಹರಡುವ ಕಂದು ಬಣ್ಣದ ನಾಯಿ ಉಣ್ಣಿ ಬದುಕುವುದೇ ನಾಯಿಗಳು ಮಲಗುವ ಜಾಗದಲ್ಲಿ. ಗೋಡೆಯ ಬಿರುಕು, ನಾಯಿಗೂಡಿನ ಸಂದಿ, ಹಳೇ ಗೋಣಿಚೀಲ, ಜಗಲಿಯ ಮೂಲೆ. ಒಂದು ಹೆಣ್ಣುಣ್ಣಿ ರಕ್ತ ಕುಡಿದು ಕೆಳಗೆ ಬಿದ್ದು ಅಂಥ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಏನೂ ತಿನ್ನದೆ ತಿಂಗಳುಗಟ್ಟಲೆ ಕಾಯುವ ಶಕ್ತಿ ಅವಕ್ಕಿದೆ. ವಾರವಾರ ಬೇರೆ ಬೇರೆ ಊರಿನ ನಾಯಿಗಳು ಬಂದು ಮಲಗಿ ಹೋಗುವ ಮನೆಯಲ್ಲಿ ಅವು ಇಲ್ಲದಿರುವುದೇ ಕಷ್ಟ. ಹಾಗಾಗಿ ನಾಯಿಗಳು ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ನಿಮ್ಮ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ನಾಯಿಯನ್ನು ಒಳಗೆ, ನಿಮ್ಮ ರೂಮಿನಲ್ಲೇ, ನೀವು ತಂದ ಚಾದರದ ಮೇಲೆ ಮಲಗಿಸಲು ಬಿಡುವ ಮನೆ ಹುಡುಕಿ. "ನಾಯಿ ಹೊರಗೆ ಕಟ್ಟಬಹುದು, ನಮ್ಮ ನಾಯಿಗಳೂ ಅಲ್ಲೇ ಇರ್ತವೆ" ಅಂದರೆ ಬೇಡ. ಮಲೆನಾಡಿನ ತೋಟದ ಕಡೆ ಹೊರಗೆ ಕಟ್ಟಿದ ನಾಯಿಗೆ ರಾತ್ರಿ ಚಿರತೆಯ ಭಯವೂ ಇದೆ. ಅಲ್ಲಿಯವರಿಗೆ ಇದು ಗೊತ್ತಿರುತ್ತದೆ, ನಮಗೆ ಗೊತ್ತಿರುವುದಿಲ್ಲ. ಫೋನಿನಲ್ಲೇ ನೇರವಾಗಿ ಕೇಳಿ: ನಿಮ್ಮ ನಾಯಿಗಳಿಗೆ ಉಣ್ಣಿ ಔಷಧಿ ಯಾವಾಗ ಹಾಕಿದ್ದು? ಒಬ್ಬರು ನನಗೆ ನಗುತ್ತಾ, "ಉಣುಗು ಇಲ್ಲಿ ಇದ್ದದ್ದೇ ಅಲ್ವಾ ಮೇಡಂ" ಅಂದರು. ಅಲ್ಲಿಗೆ ಹೋಗಲಿಲ್ಲ.

ಹೊರಡುವ ಎರಡು ವಾರ ಮುಂಚೆ ಡಾಕ್ಟರ ಹತ್ತಿರ ಹೋಗಿ. ಬೇರೆಲ್ಲಾ ಆಮೇಲೆ. ನಾನಾದರೆ ಈಗ ಡ್ರಾಪ್ಸ್ ಬಿಟ್ಟು ಮಾತ್ರೆಯನ್ನೇ ಕೊಡುತ್ತೇನೆ. ಫ್ಲೂರಲಾನರ್ ಇರುವ ಮಾತ್ರೆ ಸುಮಾರು 12 ವಾರ ಕೆಲಸ ಮಾಡುತ್ತದೆ, ಅಫಾಕ್ಸೊಲಾನರ್ ಇರುವುದು ಒಂದು ತಿಂಗಳು. ಇವು ರಕ್ತದಲ್ಲಿರುವುದರಿಂದ ಹಳ್ಳದಲ್ಲಿ ಈಜಿದರೂ ಸೋಪು ಹಾಕಿದರೂ ತೊಂದರೆಯಿಲ್ಲ. ಲ್ಯಾಬ್‌ಗಳಿಗೆ ನೀರೆಂದರೆ ಪ್ರಾಣ, ನಿಮ್ಮವನು ನೀರಿಗೆ ಇಳಿಯದೆ ಇರುವುದಿಲ್ಲ. ಆದರೆ ನಿಮ್ಮ ನಾಯಿಗೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಅಂಥ ನಾಯಿಗಳಿಗೆ ಈ ಮಾತ್ರೆ ಆಗದೇ ಇರಬಹುದು. ಇನ್ನೊಂದು ವಿಷಯ, ಉಣ್ಣಿ ಸಾಯುವುದು ಮಾತ್ರೆ ತಿಂದ ನಾಯಿಯನ್ನು ಕಚ್ಚಿದ ಮೇಲೇ. ಆದ್ದರಿಂದ ಮೈ ನೋಡುವುದನ್ನು ಬಿಡುವ ಹಾಗಿಲ್ಲ. ದಿನಾ ರಾತ್ರಿ ಟಾರ್ಚ್ ಹಿಡಿದು ಕಿವಿಯ ಒಳಗೆ, ಬೆರಳ ಸಂದಿ, ಕಂಕುಳು, ಕಾಲರ್ ಕೆಳಗೆ, ಬಾಲದ ಬುಡ ನೋಡಿ. ಸಿಕ್ಕಿದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು, ಉಗುರಲ್ಲಿ ಚಿವುಟುವುದು ಯಾವುದೂ ಬೇಡ. ಅದೇ ಭೇಟಿಯಲ್ಲಿ ರೇಬಿಸ್ ಮತ್ತು ಇಲಿಜ್ವರದ ಲಸಿಕೆ ಸರಿಯಾಗಿದೆಯಾ ಎಂದೂ ನೋಡಿಸಿ. ಇಲಿಜ್ವರ ನಿಂತ ನೀರಿನಿಂದ ನಾಯಿಗೂ ಬರುತ್ತದೆ.

ಕಾರಾ ರೈಲಾ ಎಂಬುದಕ್ಕೆ ಜಾಸ್ತಿ ಯೋಚಿಸಬೇಡಿ, ಕಾರು. ರೈಲಿನಲ್ಲಿ ನಾಯಿಯನ್ನು ಜೊತೆಗೆ ಇಟ್ಟುಕೊಳ್ಳಲು ಫಸ್ಟ್ ಎಸಿ ಥರದ ಮೊದಲ ದರ್ಜೆಯೇ ಆಗಬೇಕು, ಅದೂ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮಗೇ ಸಿಕ್ಕಿದರೆ. ಸ್ಲೀಪರ್, ತ್ರೀ ಟಯರ್, ಟೂ ಟಯರ್, ಚೇರ್ ಕಾರ್ ಯಾವುದರಲ್ಲೂ ಬಿಡುವುದಿಲ್ಲ. ಕೂಪೆ ಸಿಗುತ್ತದೋ ಇಲ್ಲವೋ ಚಾರ್ಟ್ ಆಗುವ ತನಕ ಖಚಿತವಿಲ್ಲ. ಇಲ್ಲದಿದ್ದರೆ ಗಾರ್ಡ್ ಬೋಗಿಯ ಡಾಗ್ ಬಾಕ್ಸ್. ಆ ಕತ್ತಲೆ ಪೆಟ್ಟಿಗೆಯಲ್ಲಿ, ಅಷ್ಟು ಸದ್ದಿನಲ್ಲಿ, ನನ್ನ ನಾಯಿಯನ್ನು ನಾನು ಯಾವತ್ತೂ ಕೂರಿಸುವುದಿಲ್ಲ.

ರಸ್ತೆ ಸುಮಾರು 220 ಕಿಲೋಮೀಟರ್. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ. ಬೆಳಿಗ್ಗೆ ಬೇಗ ಹೊರಡಿ. ಹೊರಡುವ ಮೂರು ನಾಲ್ಕು ಗಂಟೆ ಮೊದಲಿನಿಂದ ಊಟ ಬೇಡ, ನೀರು ಸಾಕು. ಮುಂಚೆ ಕಾರಿನಲ್ಲಿ ವಾಂತಿ ಮಾಡಿದ್ದರೆ ಡಾಕ್ಟರನ್ನು ಕೇಳಿ, ಅದಕ್ಕೆಂದೇ ಮಾತ್ರೆ ಇದೆ. ನಿದ್ದೆ ಬರಿಸುವ ಔಷಧಿ ಮಾತ್ರ ನಿಮ್ಮಷ್ಟಕ್ಕೆ ನೀವೇ ಕೊಡಬೇಡಿ. ಹಾರ್ನೆಸ್ ಹಾಕಿ ಸೀಟ್ ಬೆಲ್ಟಿಗೆ ಸಿಕ್ಕಿಸಿ, ತಲೆ ಕಿಟಕಿಯಿಂದ ಹೊರಗೆ ಬೇಡ. ಡೋರ್ ತೆಗೆಯುವ ಮೊದಲು ನಾಯಿಯ ಬೆಲ್ಟು ನಿಮ್ಮ ಕೈಯಲ್ಲಿರಲಿ. ತಿಂಡಿಗೆ ನಿಲ್ಲಿಸಿದಾಗ ಒಬ್ಬರು ಅವನ ಜೊತೆ ಹೊರಗೇ ಇರಬೇಕು. ಐದು ನಿಮಿಷ ಅಂತ ಮುಚ್ಚಿದ ಕಾರಿನಲ್ಲಿ ಬಿಡುವುದೇ ಬೇಡ. ಬಿಸಿಲಿದ್ದರೆ ಹತ್ತೇ ನಿಮಿಷದಲ್ಲಿ ಒಳಗಿನ ಶಾಖ ಹತ್ತು ಡಿಗ್ರಿಯಷ್ಟು ಏರುತ್ತದೆ, ಗಾಜು ಎರಡು ಬೆರಳು ಇಳಿಸಿದರೆ ಏನೂ ಉಪಯೋಗವಿಲ್ಲ.

ಬೋರ್ಡಿಂಗ್ ವಿಷಯ. ಹತ್ತಾರು ನಾಯಿಗಳು ಇರುವ ಕಡೆ ಉಣ್ಣಿ ಕತೆ ಅದೇ, ಜೊತೆಗೆ ನಾಯಿಯಿಂದ ನಾಯಿಗೆ ಹರಡುವ ಕೆನಲ್ ಕೆಮ್ಮು ಬೇರೆ. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಪಟ್ಟಿಯಲ್ಲಿ ಇಲ್ಲದ ದಾರಿಯೇ ಎಷ್ಟೋ ಸಲ ಒಳ್ಳೆಯದು. ಅವನಿಗೆ ಗೊತ್ತಿರುವ ಯಾರಾದರೂ ನಿಮ್ಮ ಮನೆಗೇ ಬಂದು ಇರಲಿ. ಮಂಜರಾಬಾದ್ ಕೋಟೆ, ಬಿಸಿಲೆ ಘಾಟಿ, ಎಲ್ಲ ಸುತ್ತಿ ನೋಡುವ ಪ್ಲಾನ್ ಇದ್ದರೆ ಅವನನ್ನು ಬಿಟ್ಟೇ ಹೋಗಿ. ಹೊಸ ಊರಿನ ಬೀಗ ಹಾಕಿದ ರೂಮಿನಲ್ಲಿ ಒಬ್ಬನೇ ಕೂತು ಬಾಗಿಲು ಕೆರೆಯುವುದು ಅವನಿಗೆ ರಜೆಯಲ್ಲ. ಮೂರು ದಿನವೂ ತೋಟದಲ್ಲೇ ಸುಮ್ನೆ ಇರುತ್ತೀರಾದರೆ ಕರೆದುಕೊಂಡು ಹೋಗಿ, ಅವನಿಗೂ ಅದು ಇಷ್ಟವಾಗುತ್ತದೆ. ಕೆಂಚ ಈಗಲೂ ನಮ್ಮ ಜೊತೆ ಬರುತ್ತಾನೆ, ಹಾಗಿದ್ದಾಗ ಮಾತ್ರ.

ವಾಪಸ್ ಬಂದ ದಿನ ಅವನ ಚಾದರ, ಕಾಲರ್, ಬೆಲ್ಟು ಎಲ್ಲ ಬಿಸಿನೀರಿನಲ್ಲಿ ಒಗೆಯಿರಿ, ಕಾರಿನ ಸೀಟಿನ ಸಂದಿ ವ್ಯಾಕ್ಯೂಮ್ ಮಾಡಿ. ಆಮೇಲಿನ ಮೂರು ವಾರ ಅವನ ತಟ್ಟೆಯ ಮೇಲೆ ಕಣ್ಣಿಡಿ. ಊಟ ಬಿಟ್ಟರೆ, ಮೈ ಬಿಸಿಯಾದರೆ, ಒಸಡು ಬಿಳಿಚಿದರೆ ನಾಳೆ ನೋಡೋಣ ಅನ್ನದೆ ಹೋಗಿ. ಹೋದ ಕೂಡಲೇ, ಡಾಕ್ಟರ್ ಕೇಳದಿದ್ದರೂ, ಕಾಫಿ ತೋಟಕ್ಕೆ ಹೋಗಿದ್ದೆವು ಎಂದು ಹೇಳಿ. ಟಿಕ್ ಫೀವರ್ ಪತ್ತೆ ಮಾಡುವ ಕಿಟ್ ಟೆಸ್ಟ್ ಶುರುವಿನಲ್ಲಿ ನೆಗೆಟಿವ್ ಬರುವುದುಂಟು, ಯಾಕೆಂದರೆ ಅದು ಹುಡುಕುವ ಪ್ರತಿಕಾಯಗಳು, ಅಂದರೆ ರೋಗದ ವಿರುದ್ಧ ಮೈಯೇ ಮಾಡಿಕೊಳ್ಳುವ ಆಂಟಿಬಾಡಿಗಳು, ರಕ್ತದಲ್ಲಿ ಬೆಳೆಯಲು ಸಮಯ ಬೇಕು. ಅದನ್ನು ನೋಡಿ ಸಮಾಧಾನ ಮಾಡಿಕೊಂಡು ಮನೆಗೆ ಬರಬೇಡಿ. ಪ್ಲೇಟ್‌ಲೆಟ್ ಎಣಿಕೆ ಇರುವ ರಕ್ತ ಪರೀಕ್ಷೆಯನ್ನೂ ಮಾಡಿಸಿ, ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ಮಾಡಿಸಬೇಕಾ ಎಂದು ಕೇಳಿ.