ಪ್ರತಿ ಚುನಾವಣೆಗೂ ಮೂಡಿಗೆರೆ, ಸಕಲೇಶಪುರದ ಬೆಳೆಗಾರರು ಕೋವಿ ಠಾಣೆಗೆ ಕೊಡಬೇಕು ಅಂತಾರಲ್ಲ, ಲೈಸೆನ್ಸ್ ಇದ್ದರೂ ಹಕ್ಕಿಲ್ವಾ?

ಕಾನೂನಿನ ಪ್ರಕಾರ ಹಕ್ಕು ಅನ್ನೋದಕ್ಕಿಂತ ಅನುಮತಿ ಅನ್ನಬೇಕು. ಅಮೆರಿಕದ ಸಂವಿಧಾನದಲ್ಲಿ 1791ರಿಂದಲೇ ಬಂದೂಕಿನ ಹಕ್ಕು ಇದೆ, ನಮ್ಮದರಲ್ಲಿ ಇಲ್ಲ. ಇಲ್ಲಿ ನಡೆಯೋದು 1959ರ ಶಸ್ತ್ರಾಸ್ತ್ರ ಕಾಯ್ದೆ.

ಆದರೆ ಚುನಾವಣೆ ಬಂತು ಅಂತ ಎಲ್ಲರ ಕೋವಿಯನ್ನೂ ಸುಮ್ನೆ ಕಟ್ಟಿ ಇಡಬೇಕು ಅಂತೇನಿಲ್ಲ. ಡಿಸಿ, ಎಸ್ಪಿ ಇರುವ ಸ್ಕ್ರೀನಿಂಗ್ ಸಮಿತಿ ಪ್ರತಿಯೊಬ್ಬರ ವಿಷಯ ನೋಡಬೇಕು: ಕೇಸ್ ಇದೆಯಾ, ಹಿಂದೆ ಗಲಾಟೆ ಮಾಡಿದ್ದಾರಾ ಅಂತ. ಬೆಳೆ ರಕ್ಷಣೆಗೆ ಕೋವಿ ಇಟ್ಟವರು ವಿನಾಯಿತಿ ಕೇಳಿ ಅರ್ಜಿ ಕೊಡಬಹುದು. ಕೊಟ್ಟೇ ಬಿಡಬೇಕಾದರೆ ರಸೀದಿ ಮರೆಯಬೇಡಿ.

ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ ಅಂತ ನಮ್ಮ ಕಡೆ ಗೊಣಗೋದು ಜಾಸ್ತಿ. ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವವರಿಗೆ) ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು, ಹಾಸನ-ಚಿಕ್ಕಮಗಳೂರಿನ ತೋಟದವರಿಗೆ ಅನ್ವಯಿಸಲ್ಲ.

ಕೇಂದ್ರದ ರಾಜಕೀಯವೂ ಇದೆ. ಒಬ್ಬರಿಗೆ ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು. 2019ರ ತಿದ್ದುಪಡಿ ಮಸೂದೆ ಅದನ್ನು ಒಂದಕ್ಕೆ ಇಳಿಸಲು ಹೊರಟಿತ್ತು, ಆಕ್ಷೇಪ ಬಂದ ಮೇಲೆ ಎರಡಕ್ಕೆ ನಿಂತಿತು. ಲೈಸೆನ್ಸ್ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿದ್ದೂ ಆಗಲೇ. ಅಜ್ಜನ ಕಾಲದ ಕೋವಿ ಇರುವ ಮನೆಗಳಿಗೆ ಎರಡರ ಮಿತಿ ನಿಜಕ್ಕೂ ಕಷ್ಟ, ಆದರೆ ಕಾಡುಹಂದಿ ಓಡಿಸೋಕೆ ಮೂರನೆಯದು ಯಾಕೆ ಬೇಕು ಅಂತ ನನಗಂತೂ ಅರ್ಥ ಆಗಿಲ್ಲ.

ಹಾಂ, ಲೈಸೆನ್ಸ್ ಇದೆ ಅಂತ ಆನೆಗೆ ಗುಂಡು ಹೊಡೆಯುವ ಹಾಗಿಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ.