ಹಳೆ ಬಟ್ಟೆಯ ಕೌದಿಯನ್ನು ಗ್ಯಾಲರಿಯಲ್ಲಿ ತೂಗುಹಾಕುವುದು ಯಾಕೆ?

ಮನೆಯಲ್ಲಿ ಹೊದೆಯುವ ಕೌದಿ ಗ್ಯಾಲರಿ ಗೋಡೆಗೆ ಹೋದ ಕೂಡಲೇ ಕಲೆ ಆಗಿಬಿಡುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಅದು ಮೊದಲೂ ಕಲೆಯೇ, ನಾವು ಮಡಚಿಟ್ಟು ನೋಡುತ್ತಿದ್ದೆವು ಅಷ್ಟೆ. ಉತ್ತರ ಕನ್ನಡದಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಯನ್ನೇ ನೋಡಿ. ಹಳೆ ಸೀರೆ, ಅಂಗಿ, ಲಂಗದ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನ ಕಡೆಗೆ ಕೈಯಲ್ಲೇ ಹೊಲಿಯುತ್ತಾ ಹೋಗುತ್ತಾರೆ, ಯಾವ ಬಣ್ಣದ ಪಕ್ಕ ಯಾವುದು ಅನ್ನುವುದು ಕಣ್ಣಿನ ಲೆಕ್ಕ. ಕೊನೆಗೆ ಮೂಲೆಗಳಿಗೆ ‘ಫುಲಾ’ ಅನ್ನುವ ತ್ರಿಕೋನದ ತುಂಡುಗಳು ಬೀಳಲೇಬೇಕು. ಅವಿಲ್ಲದಿದ್ದರೆ ಕೌದಿ ಬೆತ್ತಲೆ ಇದ್ದ ಹಾಗೆ ಅನ್ನುತ್ತಾರೆ! ಈ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ, ಕಪ್ಪು ಜನರ ಸಂಸ್ಕೃತಿಯ ಅಧ್ಯಯನ ಕೇಂದ್ರವಾದ ಶಾಂಬರ್ಗ್ ಸೆಂಟರ್‌ನಲ್ಲಿ ಪ್ರದರ್ಶನಗೊಂಡವು. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಅನ್ನುವ ಹಳ್ಳಿಯ ಕಪ್ಪು ಹೆಂಗಸರ ಕ್ವಿಲ್ಟ್‌ಗಳದ್ದೂ, ಅಂದರೆ ಅಲ್ಲಿನ ಕೌದಿಗಳದ್ದೂ ಇದೇ ಕಥೆ, ಸವೆದ ಪ್ಯಾಂಟು ಅಂಗಿಗಳಿಂದ ಚಳಿಗೆಂದು ಹೊಲಿದವು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಕಲಾ ಮ್ಯೂಸಿಯಂ ಗೋಡೆ ಏರಿದವು. ಅಂದ ಹಾಗೆ, ನೀವೂ ತೂಗುಹಾಕುವುದಾದರೆ ಸುಮ್ನೆ ಮೊಳೆ ಹೊಡೆಯಬೇಡಿ. ಹಿಂಬದಿಯ ಮೇಲಂಚಿಗೆ ಉದ್ದಕ್ಕೂ ಬಟ್ಟೆಯ ಕೊಳವೆ ಹೊಲಿದು ಕೋಲು ತೂರಿಸಿದರೆ ಭಾರ ಒಂದೇ ಕಡೆ ಜಗ್ಗುವುದಿಲ್ಲ. ಬೆಳಕೂ ಕಡಿಮೆ ಇರಲಿ, ಜಾಸ್ತಿಯಾದರೆ ಬಣ್ಣ ಮಾಸುತ್ತದೆ.