ಎಸ್‌ಎಸ್‌ಎ ನೆಗೆಟಿವ್ ಇದ್ದರೂ ತುಟಿ ಬಯಾಪ್ಸಿ ಯಾಕೆ?

ಅಮ್ಮನಿಗೆ ಕಣ್ಣು, ಬಾಯಿ ಒಣಗುತ್ತೆ, ರಕ್ತದಲ್ಲಿ ಎಸ್‌ಎಸ್‌ಎ ಅನ್ನೋ ಪ್ರತಿಕಾಯ (ಆಂಟಿಬಾಡಿ) ನೆಗೆಟಿವ್, ಆದರೂ ಶೋಗ್ರೆನ್ಸ್‌ಗೆ (ದೇಹದ ರೋಗನಿರೋಧಕ ಶಕ್ತಿಯೇ ಜೊಲ್ಲು, ಕಣ್ಣೀರಿನ ಗ್ರಂಥಿಗಳ ಮೇಲೆ ದಾಳಿ ಮಾಡೋ ಕಾಯಿಲೆ) ಬಯಾಪ್ಸಿ ಯಾಕೆ ಅಂತ ಕೇಳಿದ್ದೀರಿ. ನೆಗೆಟಿವ್ ಬಂದಿದ್ದಕ್ಕೇ ಬೇಕಾಗಿರೋದು! ಈ ಕಾಯಿಲೆ ಗುರುತಿಸೋಕೆ ಅಮೆರಿಕ, ಯುರೋಪಿನ ಸಂಧಿವಾತ ತಜ್ಞರ ಸಂಘಗಳು ಮಾಡಿದ 2016ರ ಎಸಿಆರ್-ಯೂಲಾರ್ ಮಾನದಂಡದಲ್ಲಿ ಕನಿಷ್ಠ 4 ಅಂಕ ಬೇಕು. ಎಸ್‌ಎಸ್‌ಎ ಪಾಸಿಟಿವ್ ಆದರೆ 3, ಬಯಾಪ್ಸಿ ಪಾಸಿಟಿವ್ ಆದರೆ 3, ಕಣ್ಣಿನ ಎರಡು ಪರೀಕ್ಷೆ ಮತ್ತು ಜೊಲ್ಲಿನ ಅಳತೆಗೆ ತಲಾ 1. ಎಸ್‌ಎಸ್‌ಎ ಇಲ್ಲ ಅಂದಮೇಲೆ ಬಯಾಪ್ಸಿಯೂ ಇಲ್ಲದಿದ್ದರೆ ಲೆಕ್ಕ 3 ದಾಟುವುದಿಲ್ಲ. ಈ ಮಾನದಂಡ ಮಾಡಿದ್ದು ಸಂಶೋಧನೆಗೆ ನಿಜ, ಆದರೆ ಡಾಕ್ಟರುಗಳೂ ಇದನ್ನೇ ಆಧಾರವಾಗಿ ನೋಡುತ್ತಾರೆ.

ಹೆಸರು ಕೇಳಿ ಹೆದರಬೇಡಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕೆಳತುಟಿಯ ಒಳಗಡೆಯಿಂದ ಕೆಲವು ಸಣ್ಣ ಜೊಲ್ಲು ಗ್ರಂಥಿಗಳನ್ನು ತೆಗೆಯುತ್ತಾರೆ. ಅದೇ ದಿನ ಮನೆಗೆ. ತುಟಿ ಕೆಲವು ದಿನ ಜುಮ್ಮೆನ್ನಬಹುದು. ಅಪರೂಪಕ್ಕೆ ಆ ಜಾಗದ ಸ್ಪರ್ಶ ಪೂರ್ತಿ ವಾಪಸ್ ಬರುವುದಿಲ್ಲ, ಅದನ್ನೂ ಮೊದಲೇ ಕೇಳಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಹೇಳಲೇಬೇಕು.

ನನ್ನ ಪ್ರಕಾರ ಜಾಸ್ತಿ ಗಮನ ಕೊಡಬೇಕಾದ್ದು ರಿಪೋರ್ಟ್‌ಗೆ. ಸುಮ್ನೆ ‘ಉರಿಯೂತ ಇದೆ’ ಅಂತ ಬರೆದರೆ ಪ್ರಯೋಜನ ಕಡಿಮೆ. ವಯಸ್ಸಾದವರಲ್ಲಿ ಬೇರೆ ಕಾರಣಕ್ಕೂ ಹಾಗೆ ಕಾಣುತ್ತೆ. ಫೋಕಸ್ ಸ್ಕೋರ್ ಬರೆದಿರಬೇಕು. 50 ಅಥವಾ ಹೆಚ್ಚು ಲಿಂಫೋಸೈಟ್‌ಗಳ (ಒಂದು ಬಗೆಯ ಬಿಳಿ ರಕ್ತಕಣ) ಗುಂಪು ಒಂದು ಫೋಕಸ್. 4 ಚದರ ಮಿಲಿಮೀಟರಿಗೆ ಅಂಥದ್ದು 1 ಅಥವಾ ಹೆಚ್ಚು ಇದ್ದರೆ ಪಾಸಿಟಿವ್. ಲ್ಯಾಬ್‌ನಲ್ಲಿ ಇದನ್ನು ಎಣಿಸುತ್ತಾರಾ ಅಂತ ಬಯಾಪ್ಸಿಗೆ ಮೊದಲೇ ವಿಚಾರಿಸಿ.